ವಿಜಯಾ ನಕ್ಕಿದ್ದಳೇ?

ನನ್ನ ನೆನಪನ್ನು ನಾನು ನಂಬುವುದಿಲ್ಲ ಎಂದು ಹೇಳಿದರೆ ಕೇಳಿದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ವಿನಯವಲ್ಲ, ಅನುಭವ. ಚಿಕ್ಕಂದಿನಲ್ಲಿ ಕೆಲಗೇರಿ ಕೆರೆಗೆ ಬಿದ್ದು ಬದುಕಿ ಬಂದ ಕಥೆಯನ್ನು ನಾನು ಮೂವತ್ತು ವರ್ಷ ಹೇಳಿಕೊಂಡು ತಿರುಗಿದೆ. ನೀರು ಮೂಗಿಗೆ ಏರಿದ್ದು, ಕಣ್ಣೆದುರು ಹಸಿರು ಕತ್ತಲೆ ಕವಿದದ್ದು, ಯಾರೋ ಕೂದಲು ಹಿಡಿದು ಮೇಲೆಳೆದದ್ದು, ಎಲ್ಲವನ್ನೂ ಅಭಿನಯ ಸಹಿತ ವರ್ಣಿಸುತ್ತಿದ್ದೆ. ಕೊನೆಗೊಮ್ಮೆ ಒಂದು ಮದುವೆಮನೆಯಲ್ಲಿ ನಮ್ಮಣ್ಣ, ಬೀಗರೆಲ್ಲ ಕೇಳುತ್ತಿರುವಾಗ, ಕೆರೆಗೆ ಬಿದ್ದವನು ತಾನೆಂದೂ ನಾನು ದಡದ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದೆನೆಂದೂ ಸಾಬೀತು ಮಾಡಿದ. ಅವನ ಮೊಣಕಾಲಿನ ಮೇಲೆ ಗಾಯದ ಗುರುತಿತ್ತು. ನನ್ನ ಬಳಿ ವರ್ಣನೆ ಮಾತ್ರ ಇತ್ತು.

ಇಂಥ ಮನುಷ್ಯ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ತರ್ಕಶಾಸ್ತ್ರ ಕಲಿಸುತ್ತಿದ್ದಾನೆ. ನೆನಪು ಸಾಕ್ಷಿಯಾಗಬಹುದು, ಪುರಾವೆಯಾಗಲಾರದು ಎಂದು ಪ್ರತಿವರ್ಷ ಹಲಗೆಯ ಮೇಲೆ ಬರೆಯುತ್ತೇನೆ, ಹುಡುಗರು ಪ್ರತಿವರ್ಷ ಬರೆದುಕೊಳ್ಳುತ್ತಾರೆ. ಅವರಿಗೆ ಅದರಿಂದ ಐದು ಅಂಕ ಸಿಗುತ್ತದೆ, ನನಗೆ ಸಿಗುವುದು ಬರೀ ಅಲೆದಾಟ. ಬೈರಿದೇವರಕೊಪ್ಪದ ನಮ್ಮ ಮನೆಯ ಗೇಟು ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಉಣಕಲ್ಲಿನ ತನಕ ಹೋದವನು ಸ್ಕೂಟರ್ ತಿರುಗಿಸಿಕೊಂಡು ಬಂದಿದ್ದೇನೆ. "ಹಾಕೀರಿ, ನಾ ಕಣ್ಣಾರೆ ನೋಡೇನಿ, ಹೋಗ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಶೈಲಾ. "ನೀ ನೋಡಿದ್ದು ನಿನ್ನೀದೇನೋ" ಎನ್ನುತ್ತೇನೆ ನಾನು. ಹೀಗೆ ನಮ್ಮ ಸಂಸಾರ ನಡೆದಿದೆ.

ನಮ್ಮ ಒಬ್ಬಳೇ ಮಗಳು ಮೇಘಾ ಧಾರವಾಡದ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಾಳೆ. ದಿನಾ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಿಬರುವವಳು ಒಂದು ಸೋಮವಾರ ಬೆಳಿಗ್ಗೆ, "ಅಪ್ಪಾ, ಇವತ್ತ ಸ್ಕೂಟರ್ ಮ್ಯಾಲೆ ಬಿಡ್ತೀರೇನು?" ಎಂದಳು. ಬಿಟ್ಟು ಬಂದೆ. ಮಂಗಳವಾರವೂ ಕೇಳಿದಳು. ಬುಧವಾರವೂ ಕೇಳಿದಳು. ಹತ್ತೊಂಬತ್ತು ವರ್ಷದ ಮಗಳಿಗೆ ಅಪ್ಪನ ಹಿಂದೆ ಕೂತು ಹೋಗುವ ಆಸೆ ಹುಟ್ಟಿದೆ ಎಂದು ನಾನು ಹಿಗ್ಗಿದೆ. ದಾರಿಯಲ್ಲಿ ನವನಗರ ಹಿಂದೆ ಹೇಗಿತ್ತು, ರಾಯಾಪುರ ಹೇಗಿತ್ತು ಎಂದು ನನಗೆ ನೆನಪಿದ್ದಷ್ಟು, ಅಂದರೆ ಬಹುಶಃ ಸುಳ್ಳುಸುಳ್ಳೇ, ಹೇಳುತ್ತ ಹೋದೆ. ಅವಳು ಮುಖಕ್ಕೆ ಓಢಣಿ ಸುತ್ತಿ, ಅದರೊಳಗೆ ಮಾಸ್ಕು ಹಾಕಿ, ಸುಮ್ಮನೆ ಕೂತಿರುತ್ತಿದ್ದಳು. ಧೂಳಿಗೆ ಇರಬೇಕು ಎಂದುಕೊಂಡೆ. ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವಲಕ್ಕಿಯ ತಾಟು ಮುಂದಿಟ್ಟುಕೊಂಡು, ತಾನು ಕಾಲೇಜು ಬಿಡುವುದಾಗಿಯೂ ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಪರೀಕ್ಷೆ ಕಟ್ಟುವುದಾಗಿಯೂ ಹೇಳಿದಳು. ಅರ್ಜಿ ತುಂಬಲು ಕಡೆಯ ದಿನ ಆ ತಿಂಗಳ ಕೊನೆಗೆ ಇತ್ತು. ಅದನ್ನೂ ನೋಡಿ ಇಟ್ಟುಕೊಂಡಿದ್ದಳು.

ಕಾರಣ ಕೇಳಿದರೆ ಹೇಳಲಿಲ್ಲ. ನಾನು ಎದ್ದು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದೆ. ಯಾವ ಸಂಗತಿಯೂ ಕೂತು ಯೋಚಿಸಿದರೆ ನನಗೆ ಹೊಳೆಯುವುದಿಲ್ಲ, ನಡೆದರೂ ಹೊಳೆಯುವುದಿಲ್ಲ, ಆದರೆ ನಡೆದರೆ ಏನೋ ಮಾಡುತ್ತಿದ್ದೇನೆಂದು ಅನಿಸುತ್ತದೆ. "ಅಕೀ ಫೋಟೋ ಯಾರೋ ಹಾಕ್ಯಾರಂತ. ಫೋನ್‌ನ್ಯಾಗ" ಎಂದಳು ಶೈಲಾ. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚುವಾಗ ಇಷ್ಟು ಮಾತನ್ನು ಅವಳು ಮಗಳ ಬಾಯಿಂದ ತೆಗೆದಿದ್ದಳಂತೆ. "ತೋರಸು" ಎಂದು ನಾನು ಮೇಘಾಳ ಕೈಯಿಂದ ಫೋನು ಎಳೆದುಕೊಂಡೆ.

ಚಿಗರಿ ಬಸ್ಸಿನ ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋದ ಮೇಘಾಳ ಫೋಟೋ. ಯಾರೋ ಎದುರಿನ ಸೀಟಿನಿಂದ ತೆಗೆದದ್ದು. ಅದೇ ಫೋಟೋವನ್ನು ದಿನಕ್ಕೊಂದು ಶೀರ್ಷಿಕೆ ಕೊಟ್ಟು ಹಾಕುತ್ತ ಬಂದಿದ್ದರು. 'ನೊಣಗಳಿಗೆ ಊಟ, ವಸತಿ ಉಚಿತ' ಎಂದು ಒಂದು ದಿನ. 'ನವನಗರದಿಂದ ಧಾರವಾಡಕ್ಕೆ ನೂತನ ಸುರಂಗಮಾರ್ಗ' ಎಂದು ಇನ್ನೊಂದು ದಿನ. ಸತ್ಯ ಹೇಳಬೇಕೆಂದರೆ ಸುರಂಗಮಾರ್ಗಕ್ಕೆ ನನಗೆ ನಗು ಬಂತು. ತಕ್ಷಣ ಅದನ್ನು ಕೆಮ್ಮಾಗಿ ತಿರುಗಿಸಿದೆ. ಮೇಘಾ ನನ್ನ ಮುಖವನ್ನೇ ನೋಡುತ್ತಿದ್ದಳು. ಫೋಟೋದ ಕೆಳಗೆ ನೂರಾರು ಟೀಕೆಗಳಿದ್ದವು. ನಾನು ಕೆಳಗೆ ಸರಿಸಿ ಓದಲಿಲ್ಲ, ಏಕೆಂದರೆ ನನ್ನ ಕಣ್ಣು ಆ ಪೇಜಿನ ಹೆಸರಿನ ಮೇಲೆ ನಿಂತುಬಿಟ್ಟಿತ್ತು. ಪೇಜಿನ ಹೆಸರು ಫಿಶ್ ಪಾಂಡ್.

ಆ ಹೆಸರು ಓದಿ ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಒಂಥರದ ಪ್ರೀತಿ. ಈ ಭಾಗದ ಕಾಲೇಜುಗಳಲ್ಲಿ ಓದಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ವರ್ಷದ ಕೊನೆಗೆ ಕಾಲೇಜಿನಲ್ಲಿ ಗ್ಯಾದರಿಂಗ್ ಆಗುತ್ತಿತ್ತು. ಹಾಡು, ನಾಟಕ, ಬಹುಮಾನ, ಊಟ, ಎಲ್ಲಕ್ಕಿಂತ ಮಿಗಿಲಾಗಿ ಫಿಶ್ ಪಾಂಡ್. ಒಂದು ವಾರ ಮೊದಲೇ ನೋಟೀಸ್ ಬೋರ್ಡಿನ ಕೆಳಗೆ ರಟ್ಟಿನ ಡಬ್ಬಿ ಇಡುತ್ತಿದ್ದರು. ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಚೀಟಿ ಬರೆದು, ಹೆಸರು ಹಾಕದೆ, ಅದರೊಳಗೆ ಬಿಡಬಹುದು. ಗ್ಯಾದರಿಂಗಿನ ದಿನ ಒಬ್ಬ ಒಂದೊಂದೇ ಚೀಟಿ ತೆಗೆದು ಮೈಕಿನಲ್ಲಿ ಓದುತ್ತಾನೆ, ಚೀಟಿ ಯಾರ ಮೇಲಿದೆಯೋ ಅವರು ಎದ್ದು ನಿಲ್ಲಬೇಕು, ಸಭೆ ಬಿದ್ದು ಬಿದ್ದು ನಗಬೇಕು. ಬಿ.ಎ. ಎರಡನೆಯ ವರ್ಷ ಆ ಓದುವ ಮರ್ಯಾದೆ ನನ್ನ ಪಾಲಿಗೆ ಬಂದಿತ್ತು. ಆಗ ನನ್ನ ಕಂಠ ಛಲೋ ಇತ್ತು. ಇದು ನೆನಪಲ್ಲ, ಪ್ರಿನ್ಸಿಪಾಲರು ಪ್ರಶಸ್ತಿಪತ್ರದಲ್ಲಿ ಬರೆದು ಕೊಟ್ಟಿದ್ದಾರೆ.

ಆದ್ದರಿಂದ ನಾನು ಫೋನನ್ನು ಮೇಜಿನ ಮೇಲಿಟ್ಟು ಮಗಳಿಗೆ ಭಾಷಣ ಮಾಡಿದೆ. "ಇದಕ್ಕ ಕಾಲೇಜ್ ಬಿಡ್ತಾರೇನ? ನಮ್ಮ ಕಾಲದಾಗ ಸಾವಿರ ಮಂದಿ ಮುಂದ ಮೈಕ್ ಹಚ್ಚಿ ಓದ್ತಿದ್ವಿ. ಸ್ಪೋರ್ಟಿ ಆಗಿ ತಗೋಬೇಕು. ನಮ್ಮ ಕ್ಲಾಸಿನ್ಯಾಗ ವಿಜಯಾ ಅಂತ ಒಬ್ಬಾಕಿ ಇದ್ಲು. ದಿನಾ ಒಂದು ದೊಡ್ಡ ಸ್ಟೀಲಿನ ಡಬ್ಬಿ ತರ್ತಿದ್ಲು, ಇಷ್ಟೆತ್ತರದ್ದು. ಅಕಿ ಮ್ಯಾಲೆ ಚೀಟಿ ಬಂದಿತ್ತು. 'ವಿಜಯಾ ಖಾನಾವಳಿ, ಮೂರೂ ಹೊತ್ತು ಊಟ, ಮಾಲಕರೇ ಪೂರ್ತಿ ಉಣ್ಣುತ್ತಾರೆ, ಗಿರಾಕಿಗಳು ಕ್ಷಮಿಸಬೇಕು.' ನಾನ ಓದಿದ್ದೆ. ಅಕಿ ಏನು ಅತ್ಲೇನು? ನಕ್ಕು ನಕ್ಕು ಅಕೀ ಕಣ್ಣಾಗ ನೀರು ಬಂದಿತ್ತು."

ಮೇಘಾ ಅವಲಕ್ಕಿಯಲ್ಲಿದ್ದ ಶೇಂಗಾ ಒಂದೊಂದೇ ಬದಿಗೆ ಸರಿಸುತ್ತಿದ್ದಳು. "ಅಕಿ ನಕ್ಕಿದ್ದು ಖರೇ ಏನಪ್ಪಾ?" ಎಂದಳು.

"ನಾ ನೋಡೇನಿ."

"ಕೆರಿಗೆ ಬಿದ್ದಿದ್ದೂ ನೀವ ಅಂತಿದ್ರಿ."

ಶೈಲಾ ಅಡಿಗೆಮನೆಯಲ್ಲಿ ಯಾವುದೋ ಪಾತ್ರೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಪ್ಪಳ ಮಾಡಿ ಇಟ್ಟಳು. ತರ್ಕಶಾಸ್ತ್ರದ ಮಾಸ್ತರನಿಗೆ ಮಗಳು ತರ್ಕದಲ್ಲೇ ಹೊಡೆದರೆ ಅಭಿಮಾನಪಡಬೇಕೋ ಅವಮಾನಪಡಬೇಕೋ ತಿಳಿಯುವುದಿಲ್ಲ. ವಿಜಯಾ ನಕ್ಕಿದ್ದಳೇ? ನನಗೆ ಕಾಣುತ್ತಿತ್ತು: ಮೂರನೆಯ ಸಾಲು, ನೀಲಿ ಸೀರೆ, ಬಾಯಿಗೆ ಅಡ್ಡ ಹಿಡಿದ ಕೈ. ಆದರೆ ಹಸಿರು ಕತ್ತಲೆಯೂ ನನಗೆ ಅಷ್ಟೇ ಸ್ಪಷ್ಟವಾಗಿ ಕಂಡಿತ್ತು. ನನಗೆ ತಡೆಯಲಾಗಲಿಲ್ಲ. ಮಗಳ ಕಾಲೇಜಿನ ಪ್ರಶ್ನೆ ಅಲ್ಲೇ ಬಿಟ್ಟು, ಮೂವತ್ತು ವರ್ಷಕ್ಕೂ ಹಿಂದಿನ ಒಂದು ನಗೆಯ ಪುರಾವೆ ಹುಡುಕಲು ಹೊರಟೆ. ಆಗ ಅದು ನನಗೆ ಮಗಳಿಗೆ ಸಹಾಯ ಮಾಡಿದಂತೆಯೇ ಕಂಡಿತ್ತು.

ನಮ್ಮ ಬಿ.ಎ. ಬ್ಯಾಚಿನವರದೊಂದು ಫೋನ್ ಗ್ರೂಪ್ ಇದೆ. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಆರೋಗ್ಯ ಸಲಹೆ, ಸಂಜೆ ರಾಜಕೀಯ. ವಿಜಯಾ ಅದರಲ್ಲಿ ಇರಲಿಲ್ಲ. ಏಕೆ ಇಲ್ಲ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಒಬ್ಬ ಸಂಶೋಧಕನ ನಿರ್ಲಿಪ್ತತೆಯಿಂದ ಬರೆದೆ: 'ಮಿತ್ರರೇ, ಫಿಶ್ ಪಾಂಡಿನಲ್ಲಿ ವಿಜಯಾ ಖಾನಾವಳಿ ಚೀಟಿ ಓದಿದಾಗ ವಿಜಯಾ ನಕ್ಕಿದ್ದಳೇ, ಇಲ್ಲವೇ? ಯಾರಿಗಾದರೂ ನೆನಪಿದೆಯೇ?' ಓದುವವರಿಗೆ ಅನುಕೂಲವಾಗಲೆಂದು ಚೀಟಿಯ ಪೂರ್ಣ ಪಾಠವನ್ನೂ ಕೊಟ್ಟೆ. ಮೂಲಪಾಠ ಕೊಡದೆ ಚರ್ಚಿಸುವುದು ಅಶಿಸ್ತು ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದಾರೆ.

ಹತ್ತು ನಿಮಿಷದಲ್ಲಿ ಗ್ರೂಪು ಎದ್ದು ಕೂತಿತು. ನಕ್ಕಿದ್ದಳು ಎಂದ ಒಬ್ಬ. ಅವತ್ತು ಅವಳು ಬಂದೇ ಇರಲಿಲ್ಲ ಎಂದ ಮತ್ತೊಬ್ಬ. ಚೀಟಿ ಬರೆದವನೇ ಇನಾಮದಾರ, ಈಗ ಸಾಚಾನ ಹಾಗೆ ಕೇಳುತ್ತಾನೆ ಎಂದ ಮೂರನೆಯವ. ಇನಾಮದಾರ ಎಂದರೆ ನಾನು. ನಾನು ಬರೆಯಲಿಲ್ಲ, ಓದಿದೆ ಅಷ್ಟೇ, ಎಂದು ನನಗೆ ನೆನಪು. ಅಷ್ಟರಲ್ಲಿ ಗ್ರೂಪಿನ ಯಜಮಾನ ಬಸವರಾಜ, ಹತ್ತಿ ವ್ಯಾಪಾರದವ, ಹಳೆಯ ಗ್ಯಾದರಿಂಗಿನ ಫೋಟೋ ಎಲ್ಲಿಂದಲೋ ತೆಗೆದು, ಅದರಲ್ಲಿ ಒಂದು ಮುಖಕ್ಕೆ ಕೆಂಪು ಸುತ್ತು ಹಾಕಿ ಕಳಿಸಿದ. ಅದರ ಕೆಳಗೆ ನಗೆಯ ಮುಖಗಳ ಮೆರವಣಿಗೆ. 'ಎರಡು ರೊಟ್ಟಿ ಹೆಚ್ಚಿಗಿ ಹಚ್ರಿ' ಎಂದ ಒಬ್ಬ. 'ಖಾನಾವಳಿ ಇನ್ನೂ ನಡೆದೈತೇನು?' ಎಂದ ಇನ್ನೊಬ್ಬ. ಎಲ್ಲರೂ ಐವತ್ತು ದಾಟಿದವರು, ಇಬ್ಬರಿಗೆ ಹೃದಯದ ಆಪರೇಶನ್ ಆಗಿದೆ. 'ಚರ್ಚೆ ವಿಷಯಾಂತರವಾಗುತ್ತಿದೆ' ಎಂದು ನಾನು ಬರೆದೆ. ಅದಕ್ಕೂ ನಕ್ಕರು.

ಆಗ ಬಸವರಾಜ, 'ತಡೀ, ಅಕೀನ್ನ ಕೇಳೋಣು. ಅಕಿ ಈಗ ಗಬ್ಬೂರ ಕಡೆ ಒಂದು ಹೈಸ್ಕೂಲಿಗೆ ಹೆಡ್ ಮಾಸ್ತರ್ತಿ. ನಮ್ಮ ತಮ್ಮನ ಮಗ ಅಲ್ಲೇ ಕಲಿಯಾಕತ್ತಾನ, ನಂಬರ್ ಐತಿ' ಎಂದು ಬರೆದು, ನಾನು ಬೇಡ ಎಂದು ಟೈಪು ಮಾಡಿ ಮುಗಿಸುವುದರೊಳಗೆ ಅವಳನ್ನು ಗ್ರೂಪಿಗೆ ಸೇರಿಸಿಬಿಟ್ಟ. 'ಖಾನಾವಳಿ ಮಾಲಕರಿಗೆ ಹಾರ್ದಿಕ ಸ್ವಾಗತ' ಎಂದ. ಕೆಂಪು ಸುತ್ತಿನ ಫೋಟೋವನ್ನೂ ಚೀಟಿಯ ಮೂಲಪಾಠವಿದ್ದ ನನ್ನ ಪ್ರಶ್ನೆಯನ್ನೂ ಅವಳಿಗೆ ಕಾಣಲೆಂದು ಮತ್ತೊಮ್ಮೆ ಹಾಕಿದ. ಎಲ್ಲರೂ ಕಾದರು. ಎರಡು ನಿಮಿಷಕ್ಕೆ, ವಿಜಯಾ ಗ್ರೂಪಿನಿಂದ ಹೊರಹೋದರು ಎಂಬ ಸಣ್ಣ ಬೂದು ಅಕ್ಷರದ ಸಾಲು ಬಂತು. ಅದಕ್ಕೂ ಒಬ್ಬ ನಗೆಯ ಮುಖ ಹಾಕಿದ.

ಏನಾದರೂ ಮಾಡಬೇಕೆಂದು ನನ್ನ ಸಂದೇಶಗಳನ್ನೆಲ್ಲ ಒತ್ತಿ ಒತ್ತಿ ಅಳಿಸಿದೆ. ಎಲ್ಲ ಹೋದವು. ಪರದೆ ಸ್ವಚ್ಛವಾಯಿತು. ಮೇಘಾ ನನ್ನ ಹೆಗಲ ಹಿಂದಿನಿಂದ ನೋಡುತ್ತಿದ್ದಳು.

"ಅಪ್ಪಾ, ನೀವು ಒತ್ತಿದ್ದು ಡಿಲೀಟ್ ಫಾರ್ ಮಿ."

"ಅಂದ್ರ?"

"ನಿಮ್ಮ ಫೋನ್‌ನ್ಯಾಗ ಅಷ್ಟ ಹೋತು. ಉಳದವರ ಕಡೆ ಹಂಗ ಐತಿ. ಇನ್ನ ಅವರ ಕಡಿಂದ ತಗ್ಯಾಕೂ ನಿಮಗ ಬರೂದಿಲ್ಲ."

ನಾನು ಮಾಡಿದ್ದು ಎಲ್ಲರಿಗೂ ಕಾಣುತ್ತದೆ, ನನಗೊಬ್ಬನಿಗೆ ಕಾಣುವುದಿಲ್ಲ. ನನ್ನ ತಲೆ ಇಷ್ಟು ವರ್ಷ ಉಚಿತವಾಗಿ ಮಾಡುತ್ತಿದ್ದ ಕೆಲಸಕ್ಕೆ ಒಂದು ಬಟನ್ನು ಇದೆಯೆಂದು ಅಂದೇ ಗೊತ್ತಾದದ್ದು. ಮೇಘಾ ನನ್ನನ್ನು ನೋಡಿದಳು, ಸಿಟ್ಟಿನಿಂದಲ್ಲ, ಮೊದಲ ಸಲ ಸೈಕಲ್ಲಿನಿಂದ ಬಿದ್ದ ಮಗುವನ್ನು ನೋಡಿದ ಹಾಗೆ. "ಫೋನ್‌ನ್ಯಾಗ ಮಾಫಿ ಕೇಳಬ್ಯಾಡ್ರಿ ಮತ್ತ. ಎದ್ದು ಹೋಗಿ ಕೇಳ್ರಿ" ಎಂದಳು ಶೈಲಾ. "ನಾನೂ ಬರ್ತೇನಿ. ಅಲ್ಲಿ ಹೋಗಿ ಇವರು ಮತ್ತೇನರ ಮಾತಾಡ್ತಾರ" ಎಂದಳು ಮೇಘಾ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಹೊರಟೆವು. ಬರಿಗೈಯಲ್ಲಿ ಹೋಗುವುದು ಹೇಗೆ? ಪೇಢೆ ಕೊಳ್ಳಲು ಅಂಗಡಿಯ ಮುಂದೆ ನಿಲ್ಲಿಸಿದೆ. ಊಟದ ಡಬ್ಬಿಗೆ ನಕ್ಕವರ ಮನೆಯಿಂದ ತಿನ್ನುವ ವಸ್ತು ಒಯ್ದರೆ ಏನರ್ಥ ಎಂದು ಮುಂದೆ ಹೋದೆ. ಹಣ್ಣೂ ತಿನ್ನುವುದೇ. ಹೂ ಕೊಡುವುದು ಇನ್ನೂ ಕೆಟ್ಟದ್ದು. ಹಳೇ ಹುಬ್ಬಳ್ಳಿಯ ಗಲ್ಲಿಗಳಲ್ಲಿ ಮೂರು ಕಡೆ ಸ್ಕೂಟರ್ ನಿಲ್ಲಿಸಿ ಮೂರು ಕಡೆಯೂ ಏನನ್ನೂ ಕೊಳ್ಳದೆ, ಕೊನೆಗೆ ಬರಿಗೈಯಲ್ಲೇ ಗಬ್ಬೂರು ಮುಟ್ಟಿದೆವು.

ವಿಜಯಾ ತನ್ನ ಕೋಣೆಯಲ್ಲಿ ಹಾಜರಿ ಪುಸ್ತಕಗಳ ನಡುವೆ ಕೂತಿದ್ದಳು. ಕೂತಿದ್ದರು ಎನ್ನಬೇಕು. ಬಿಳಿಕೂದಲು, ದಪ್ಪ ಕನ್ನಡಕ, ಸಾವಿರ ಹುಡುಗರನ್ನು ಕಣ್ಣಿನಲ್ಲೇ ಕೂರಿಸುವ ಗಾಂಭೀರ್ಯ. "ನೀವು ಬಂದ್ರೇನು? ಗ್ರೂಪಿಗೆ ಸೇರಿಸಿದ ಬಸವರಾಜ ಬರ್ತಾನಂತ ತಿಳಕೊಂಡಿದ್ದೆ. ಕೂಡ್ರಿ" ಎಂದರು. ನಾನು ಮನೆಯಿಂದಲೇ ಸಿದ್ಧಮಾಡಿಕೊಂಡು ಬಂದಿದ್ದ ಪೀಠಿಕೆ ಶುರುಮಾಡಿದೆ: ಮನುಷ್ಯನ ನೆನಪು ಎಷ್ಟು ಮೋಸದ್ದು, ಘಟನೆಗೂ ಅದರ ಚಿತ್ರಕ್ಕೂ ಎಷ್ಟು ಅಂತರ, ಇತ್ಯಾದಿ. ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿ, "ನಕ್ಕಿದ್ದೆರಿ" ಎಂದರು.

"ಏನಂದ್ರಿ?"

"ಗ್ರೂಪಿನ್ಯಾಗ ಕೇಳಿದ್ರೆಲ್ಲ. ನಕ್ಕಿದ್ದೆ. ಕಣ್ಣಾಗ ನೀರೂ ಬಂದಿತ್ತು. ಎಲ್ಲಾರೂ ತಿರುಗಿ ನನ್ನ ಕಡೆ ನೋಡಾಕತ್ತಿದ್ರು. ನಗಲಿಲ್ಲಂದ್ರ ಅಳಬೇಕಾಗ್ತಿತ್ತು. ಅದಕ್ಕ ಲಗೂನ ನಕ್ಕೆ."

ಜೀವಮಾನದಲ್ಲಿ ಒಂದೇ ಒಂದು ಸಲ ನನ್ನ ನೆನಪು ಅಕ್ಷರಶಃ ನಿಜವಾಗಿತ್ತು. ಅದು ಸುಳ್ಳಾಗಬಾರದಿತ್ತೇ ಎಂದು ನಾನು ಬಯಸಿದ್ದೂ ಆ ಒಂದೇ ಸಲ. ಅವರು ಮೇಘಾಳ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲಿ ಹೇಳಿದರು: "ಆ ಡಬ್ಬಿಯೊಳಗ ಮೂರು ಮಂದೀ ಊಟ ಇರ್ತಿತ್ತವಾ. ನಂದೊಂದು, ಅಲ್ಲೇ ಐಟಿಐ ಕಲಿಯಾಕತ್ತಿದ್ದ ನಮ್ಮ ತಮ್ಮಂದೊಂದು, ಅವನ ರೂಮಿನ್ಯಾಗ ಇದ್ದ ಹುಡುಗಂದೊಂದು. ಮರುದಿನದಿಂದ ಡಬ್ಬಿ ಒಯ್ಯಲಿಲ್ಲ. ಕಾಲೇಜಿನ್ಯಾಗ ಊಟ ಸಿಗತೈತಿ ಅಂತ ಅವ್ವಗ ಹೇಳಿದೆ. ಡಿಗ್ರಿ ಮುಗಿಯೂತನಾ ಮಧ್ಯಾಹ್ನ ನೀರು ಕುಡದ ಇದ್ದೆ. ತಮ್ಮ ನಾಕು ತಿಂಗಳಿಗೆ ಐಟಿಐ ಬಿಟ್ಟ. ಡಬ್ಬಿ ನಿಂತಿದ್ದಕ್ಕ ಬಿಟ್ಟ ಅಂತ ನಾ ಅನ್ನೂದಿಲ್ಲ. ಅವಗ ಓದೂದೂ ಅಷ್ಟಕ್ಕಷ್ಟ ಇತ್ತು."

ಚೀಟಿ ಬರೆದವನು ನಾನಲ್ಲ, ಓದಿದೆ ಅಷ್ಟೇ, ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಯೂ ಬಿಟ್ಟೆ. "ಬರದವರು ಯಾರೋ ಏನೋರಿ. ನಂಗ ದನಿ ನೆನಪೈತಿ" ಎಂದರು ವಿಜಯಾ. ಆಮೇಲೆ ನಾನು ಪೀಠಿಕೆಯಿಲ್ಲದೆ ಕ್ಷಮೆ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲಿ ನನ್ನ ಮುಂದ ಕೇಳಿದ್ರ ಹೆಂಗ್ರಿ? ನೀವು ಓದಿದ್ದು ಮೈಕಿನ್ಯಾಗ."

ಚಹಾ ಬಂತು. ನಾನು ಕಪ್ಪನ್ನು ನೋಡುತ್ತ ಕೂತಿದ್ದಾಗ ಮೇಘಾ ತನ್ನ ಫೋನನ್ನು ತೆಗೆದು ವಿಜಯಾ ಅವರ ಮುಂದೆ, ಹಾಜರಿ ಪುಸ್ತಕದ ಮೇಲೆ, ಇಟ್ಟಳು. ನನ್ನ ಮುಂದೆ ಅಲ್ಲ. ವಿಜಯಾ ಅದನ್ನು ಮುಟ್ಟಲಿಲ್ಲ. "ಮೊದ್ಲ ಚಹಾ ಕುಡಿ" ಎಂದರು. ಅವಳು ಕುಡಿದ ಮೇಲೆ, "ನಾ ನೋಡ್ಲೋ, ನೀನ ತೋರಸ್ತೀಯೋ?" ಎಂದು ಕೇಳಿದರು. ಹಾಗೆ ಕೇಳಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

ನಾನು ಸರಿಸಿ ನೋಡದೆ ಬಿಟ್ಟಿದ್ದ ಟೀಕೆಗಳನ್ನು ಮೇಘಾ ಒಂದೊಂದಾಗಿ ತೋರಿಸಿದಳು. ಹಲ್ಲಿನ ಬಗ್ಗೆ, ಬಣ್ಣದ ಬಗ್ಗೆ, ಇನ್ನೂ ಇಲ್ಲಿ ಬರೆಯಲಾಗದ್ದರ ಬಗ್ಗೆ. ಶೀರ್ಷಿಕೆ ಬರೆದವರಿಗೆ ಸ್ವಲ್ಪವಾದರೂ ಹಾಸ್ಯಪ್ರಜ್ಞೆ ಇತ್ತು, ಕೆಳಗಿನವರಿಗೆ ಅದೂ ಇರಲಿಲ್ಲ. ಐದು ದಿನದ ಹಿಂದೆ ಯಾರೋ ಅವಳ ಫೋನ್ ನಂಬರನ್ನೇ ಹಾಕಿ, 'ವಸತಿಗಾಗಿ ಸಂಪರ್ಕಿಸಿ' ಎಂದು ಬರೆದಿದ್ದರು. ಅಂದಿನಿಂದ ಗುರುತಿಲ್ಲದ ಗಂಡಸರು ಅವಳಿಗೆ ಸಂದೇಶ ಕಳಿಸುತ್ತಿದ್ದರು. ಅವಳು ಕಾಲೇಜು ಬಿಡಲು ಹೊರಟದ್ದು ನೊಣದ ಶೀರ್ಷಿಕೆಗಲ್ಲ, ಇದಕ್ಕೆ. "ಮನ್ಯಾಗ ಯಾಕ ಹೇಳಲಿಲ್ಲವಾ?" ಎಂದರು ವಿಜಯಾ. "ಹೇಳೋಣಂತಲೇ ಇದ್ದೆರಿ. ಅಪ್ಪಾರು ಫೋಟೋದ ಮ್ಯಾಲಿನ ಶೀರ್ಷಿಕಿ ಓದೇ ನಕ್ಕರು" ಎಂದಳು. ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ಉತ್ತರ ಕೊಡಬಹುದಿತ್ತು.

ಮುಂದಿನ ಅರ್ಧ ಗಂಟೆಯಲ್ಲಿ ವಿಜಯಾ ಮಾಡಿದ್ದು ಏನೂ ವಿಶೇಷವಲ್ಲ, ಆದರೆ ನಾನು ಪಡಸಾಲೆಯಲ್ಲಿ ಎಷ್ಟು ನಡೆದರೂ ಅದರಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ. "ಏನೂ ಅಳಸಬ್ಯಾಡ. ಮೊದ್ಲ ಎಲ್ಲಾದರದ್ದೂ ಸ್ಕ್ರೀನ್‌ಶಾಟ್ ತಗಿ. ಪೇಜಿನ ಹೆಸರು, ದಿನಾ, ಹೊತ್ತು ಕಾಣಬೇಕು. ಆಮ್ಯಾಲೆ ಆ ಪೇಜ್ ರಿಪೋರ್ಟ್ ಮಾಡು, ಆಮ್ಯಾಲೆ ಬ್ಲಾಕ್ ಮಾಡು. ಯಾರಿಗೂ ಉತ್ತರ ಬರಿಬ್ಯಾಡ, ಸಿಟ್ಟು ಬಂದ್ರೂ. ನಂಬರ್ ಹಾಕ್ಯಾರಂದ್ರ ಇದು ಹುಡುಗಾಟಿಕಿ ಅಲ್ಲ, ಸೈಬರ್ ಠಾಣೆಗೆ ಹೋಗೂದ." ಆಮೇಲೆ ನನ್ನ ಕಡೆ ತಿರುಗಿ, "ಫೋನ್ ಕಸಗೋಬ್ಯಾಡ್ರಿ ಮತ್ತ. ಕಸಗೊಂಡ್ರ ಮುಂದಿನ ಸಲ ನಿಮಗ ಹೇಳೂದಿಲ್ಲ. ನಮ್ಮ ಸಾಲಿ ಹುಡುಗ್ಯಾರದ್ದೂ ಇದ ಕತಿ" ಎಂದರು. ಠಾಣೆಗೆ ಯಾರು ಜೊತೆಗೆ ಬರಬೇಕು ಎಂದು ವಿಜಯಾ ಕೇಳಿದಾಗ ಮೇಘಾ, "ನೀವು ಬರ್ತೀರೇನ್ರಿ ಟೀಚರ್?" ಎಂದಳು. "ಬರ್ತೇನಿ. ನಿಮ್ಮಪ್ಪಾರೂ ಬರಲಿ. ಸುಮ್ಮನ ಕೂಡ್ಲಿ" ಎಂದರು.

ನಾನು ಸುಮ್ಮನೆ ಕೂತೆ. ಠಾಣೆಯಲ್ಲಿ ಮಹಿಳಾ ಅಧಿಕಾರಿಯೊಬ್ಬರು ಇದು ಯಾವತ್ತಿನಿಂದ ಶುರುವಾಯಿತು ಎಂದು ಕೇಳಿದಾಗ ಮಾತ್ರ ಅಭ್ಯಾಸಬಲದಿಂದ, "ನನ್ನ ನೆನಪಿನ ಮಟ್ಟಿಗೆ" ಎಂದು ಆರಂಭಿಸಿದೆ. "ಇಲ್ಲಿ ಐತ್ರಿ" ಎಂದು ಮೇಘಾ ಸ್ಕ್ರೀನ್‌ಶಾಟುಗಳನ್ನು ಮುಂದಿಟ್ಟಳು. ಒಂದು ವಾರದೊಳಗೆ ಪೇಜು ಮುಚ್ಚಿತು. ನಡೆಸುತ್ತಿದ್ದವರು ಮೂವರು. ಅವರಲ್ಲಿ ಒಬ್ಬಳು ಮೇಘಾಳ ಪಕ್ಕದ ಬೆಂಚಿನವಳೇ. ಕಾಲೇಜಿನವರು ಮೂವರ ತಂದೆತಾಯಿಗಳನ್ನು ಕರೆಸಿದಾಗ ನಾನೂ ಹೋಗಿದ್ದೆ. ಒಬ್ಬ ಹುಡುಗನ ತಂದೆ ಕೈಮುಗಿದು, "ಚೇಷ್ಟಿಗೆ ಮಾಡ್ಯಾನ್ರಿ ಸರ, ನಮ್ಮ ಕಾಲದಾಗ ನಾವು ಮಾಡಿಲ್ಲೇನ್ರಿ?" ಎಂದ. ಅವನಿಗೆ ಹೇಳಲು ನನ್ನ ಬಳಿ ಬಹಳ ಇತ್ತು, ಆದರೆ ಅದಷ್ಟನ್ನೂ ಮೊದಲು ನಾನು ಕೇಳಿಸಿಕೊಳ್ಳಬೇಕಾಗಿತ್ತು. ದೂರಶಿಕ್ಷಣದ ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ತಿಂಗಳ ಕೊನೆಯ ದಿನ ಅದು ಕಸದ ಬುಟ್ಟಿಯಲ್ಲಿದ್ದುದನ್ನು ಶೈಲಾ ತೋರಿಸಿದಳು.

ಉಳಿದದ್ದು ಮೈಕು. ಬ್ಯಾಚಿನ ಗ್ರೂಪಿಗೆ ಹಾಕಲು ಎರಡು ಪುಟದ ಕ್ಷಮಾಪಣೆ ಬರೆದೆ. ಬರೆದದ್ದನ್ನು ಮೇಘಾಳಿಗೆ ತೋರಿಸಿದೆ, ತೋರಿಸಲೇನು ಎಂದು ಮೊದಲು ಕೇಳಿ. ಅವಳು 'ನನಗೆ ನೆನಪಿರುವ ಮಟ್ಟಿಗೆ' ಎಂಬುದನ್ನು ಹೊಡೆದು ಹಾಕಿದಳು. 'ಯಾರ ಮನಸ್ಸಿಗಾದರೂ ನೋವಾಗಿದ್ದರೆ' ಎಂಬುದನ್ನು ಹೊಡೆದು ಹಾಕಿದಳು. 'ಅಂದಿನ ಕಾಲಮಾನದ ಸಂದರ್ಭದಲ್ಲಿ' ಎಂಬುದನ್ನು ಓದಿ, "ಇದೇನಪ್ಪಾ?" ಎಂದು ಅದನ್ನೂ ಹೊಡೆದು ಹಾಕಿದಳು. ಕೊನೆಗೆ ಮೂರು ಸಾಲು ಉಳಿದವು: ನಾನು ವಿಜಯಾ ಅವರ ಬಗ್ಗೆ ಮೈಕಿನಲ್ಲಿ ಓದಿದ್ದು ತಪ್ಪು, ಮೊನ್ನೆ ಮತ್ತೆ ಇಲ್ಲಿ ಹಾಕಿದ್ದು ಇನ್ನೂ ದೊಡ್ಡ ತಪ್ಪು, ಆ ಫೋಟೋವನ್ನು ಎಲ್ಲರೂ ಅಳಿಸಬೇಕು. ಹೀಗೆ ಬೋಳಾದ ವಾಕ್ಯಗಳನ್ನು ನಾನು ಜೀವನದಲ್ಲಿ ಬರೆದಿರಲಿಲ್ಲ. ಕಣ್ಣುಮುಚ್ಚಿ ಕಳಿಸಿದೆ.

ಒಂದು ದಿನ ಗ್ರೂಪು ಸುಮ್ಮನಿತ್ತು. ಇಬ್ಬರು ಸದ್ದಿಲ್ಲದೆ ತಮ್ಮ ಸಂದೇಶ ತೆಗೆದರು. ಬಸವರಾಜ ಫೋಟೋ ಅಳಿಸಿದ, ಅದನ್ನು ಒಪ್ಪಬೇಕು. ಮರುದಿನ ಬೆಳಿಗ್ಗೆ ಅವನೇ ನನ್ನ ಪ್ರೊಫೈಲಿನ ಫೋಟೋಕ್ಕೆ ಕೆಂಪು ಸುತ್ತು ಹಾಕಿ, 'ಮಾಫಿ ಮಾಸ್ತರ, ಎಲ್ಲಾ ತಪ್ಪಿಗೂ ಒಂದೇ ಗುಳಿಗಿ, ಖಾಲಿ ಹೊಟ್ಟೀಲೆ ತಗೊಳ್ರಿ' ಎಂದು ಬರೆದು ಹಾಕಿದ. ಒಂದರ ಹಿಂದೊಂದು ನಗೆಯ ಮುಖಗಳು ಬಂದವು. ಹನ್ನೊಂದು, ಹದಿನಾಲ್ಕು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಬೆರಳು ತಾನಾಗಿ ಹೋಗಿ ಒಂದು ನಗೆಯ ಮುಖವನ್ನು ಒತ್ತಿ ಕಳಿಸಿತು. ಮೇಘಾ ಪಕ್ಕದಲ್ಲೇ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಮಾಸ್ಕು ಇನ್ನೂ ಇತ್ತು, ಓಢಣಿ ಮುಖದಿಂದ ಹೆಗಲಿಗೆ ಇಳಿದಿತ್ತು. ಮೂರು ದಿನದಿಂದ ಬಸ್ಸಿನಲ್ಲೇ ಹೋಗುತ್ತಿದ್ದಳು.

"ಖರೇ ನಗು ಬಂತೇನು ನಿಮಗ?" ಎಂದಳು.

"ಇಲ್ಲ."

"ಹಂಗಾರ ಗ್ರೂಪ್ ಬಿಟ್ಟಬಿಡ್ರಿ ಅಪ್ಪಾ. ಇಲ್ಲಿ ಒತ್ತಿದ್ರ ಆತು" ಎಂದು ಜಾಗ ತೋರಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೆ ನಿಂತಿದ್ದೆ. ಆಮೇಲೆ ಒತ್ತಲೆಂದು ಬೆರಳು ಒಯ್ದೆ, ಒತ್ತಲಿಲ್ಲ. ಇದನ್ನು ಬರೆಯುವ ಹೊತ್ತಿಗೆ ನಗೆಯ ಮುಖಗಳು ಇಪ್ಪತ್ತಮೂರು. ನಾನು ಇನ್ನೂ ಆ ಗ್ರೂಪಿನಲ್ಲೇ ಇದ್ದೇನೆ. ಬಿಟ್ಟು ಬಂದರೆ ನನ್ನ ಹಿಂದೆ ಅವರು ಏನೆಂದು ಮಾತಾಡಿಕೊಳ್ಳುತ್ತಾರೆಂಬುದು ನನಗೆ ತಿಳಿಯಬೇಕಾದರೂ ಹೇಗೆ?